ಹಳೇ ಸತ್ಯವೇದವೇ ಬೇಕೆನ್ನುವ ಅಜ್ಜಿ

ಅಣ್ಣಿಗೇರಿ ಸೀಮೆಯ ಹಳ್ಳಿಯೊಂದರ ಭಾನುವಾರದ ಆರಾಧನೆಯಲ್ಲಿ ಕೇಳಿದ ಕನ್ನಡ ಇನ್ನೂ ಕಿವಿಯಲ್ಲೇ ಇದೆ. ಸಣ್ಣ ಸಭೆ, ಒಂದು ಹಾರ್ಮೋನಿಯಂ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕನ್ನಡಕ ಏರಿಸಿ ಕೀರ್ತನೆ ಓದಲು ನಿಂತರು. ಆಗತಾನೇ ಹೊರಗೆ ಕಡಲೆ ಬೆಳೆಯ ಬಗ್ಗೆ ಜವಾರಿ ಮಾತಾಡುತ್ತಿದ್ದವರು, ಪುಸ್ತಕ ಬಿಚ್ಚಿದ್ದೇ ತಡ, ಊರಲ್ಲಿ ಯಾರೂ ಆಡದ ಕನ್ನಡಕ್ಕೆ ಹೊರಳಿದರು. ಉದ್ದುದ್ದ ವಾಕ್ಯಗಳು, ಗಂಭೀರ ಕ್ರಿಯಾಪದಗಳು. ಒಂದು ಕಡೆಯೂ ತೊದಲಲಿಲ್ಲ. ಅರ್ಧ ಕೀರ್ತನೆ ಅವರಿಗೆ ಬಾಯಿಪಾಠವಿತ್ತೆಂದು ನನ್ನ ಗುಮಾನಿ.

ಸತ್ಯವೇದದ, ಅಂದರೆ ಬೈಬಲ್ಲಿನ, ಸರಳ ಕನ್ನಡದ ಹೊಸ ಅನುವಾದ ಕಪಾಟಿನಲ್ಲೇ ಇತ್ತು, ಮಡಿಕೆ ಬಿಚ್ಚದ ಹಾಗೆ. ಅದನ್ನೇಕೆ ಓದುವುದಿಲ್ಲ ಎಂದು ಕೇಳಿದೆ.

“ಹೊಸಾದು ಲಗೂನ ತಿಳೀತೈತ್ರಿ, ಖರೇ. ಆದ್ರ ದೇವರ ಮುಂದ ನಿಂತಾಗ ಹಳೇದ ಬೇಕ್ರಿ.”

ಪಕ್ಕದಲ್ಲಿದ್ದ ಸಭಾಪಾಲಕರು ನಕ್ಕರು. ಅವರು ದೇವಶಾಸ್ತ್ರದ ಜೊತೆ ಗ್ರೀಕ್, ಹೀಬ್ರೂ ಓದಿ ಬಂದವರು. ಆ ಎರಡು ಭಾಷೆಗಳೂ ಇಲ್ಲಿ ಪ್ರಸಂಗದ ನಡುವೆ ಒಮ್ಮೆ ಇಣುಕಿ ಹೋಗುತ್ತವೆ, ಅಷ್ಟೇ. ಸಭೆ ತಲೆದೂಗುತ್ತದೆ. ಅದು ಪಾಂಡಿತ್ಯಕ್ಕೆ ಸಲ್ಲುವ ಮರ್ಯಾದೆ, ಭಕ್ತಿಯಲ್ಲ ಎಂದೇ ನನಗನ್ನಿಸಿತು.

ಆರಾಧನೆಗೇ ಬೇರೆ ಭಾಷೆ ಎನ್ನುವುದು ಈ ಅಜ್ಜಿಯದಷ್ಟೇ ಅಲ್ಲ. ರೋಮಿನ ಸಭೆ 1960ರ ದಶಕದ ಎರಡನೇ ವ್ಯಾಟಿಕನ್ ಮಹಾಸಭೆಯವರೆಗೆ ಲ್ಯಾಟಿನ್ನಿಗೆ ಜೋತುಬಿದ್ದಿತ್ತು. ಕೇರಳದ ಸುರಿಯಾನಿಗಳಿಗೆ ಸಿರಿಯಾಕ್, ಇಥಿಯೋಪಿಯಾದವರಿಗೆ ಗೀಜ್. ಲೂಥರನ ದಾರಿಯವರು ಮಾತ್ರ ಜನರ ಭಾಷೆಯೇ ದೇವರಿಗೆ ಸಾಕು ಎಂದರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಷನ್ನಿನವರು ಅದೇ ದಾರಿಯವರು. ಅಷ್ಟರಲ್ಲಾಗಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಕನ್ನಡ ಬೈಬಲ್ 1831ಕ್ಕೆ ಪೂರ್ಣಗೊಂಡಿತ್ತು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ, ಮೋಗ್ಲಿಂಗ್ ಅದನ್ನು ತಿದ್ದಲು ಕೂತರು. ಎಲ್ಲರಿಗೂ ತಿಳಿಯಲಿ ಎಂದು ಮಾಡಿದ ಅದೇ ಕನ್ನಡ, ಕಾಲ ಸರಿದಂತೆ ಲ್ಯಾಟಿನ್ ಬಿಟ್ಟ ಪೀಠದ ಮೇಲೆ ತಾನೇ ಹೋಗಿ ಕೂತಿದೆ.

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಅದೇ ಮಿಷನ್ನಿನ ಕಿಟೆಲ್ ಅಡ್ಡ ಬರುತ್ತಾರೆ. 1853ರಲ್ಲಿ ಬಂದ ಈ ಜರ್ಮನ್ ತರುಣ ಕನ್ನಡ ಕಲಿತದ್ದು ಧಾರವಾಡದಲ್ಲಿ. ಅವರ 1894ರ ಕನ್ನಡ ನಿಘಂಟು ಎಲ್ಲರಿಗೂ ಗೊತ್ತು. ನನ್ನ ಮೋಹವೆಲ್ಲ 1862ರ ‘ಕಥಾಮಾಲೆ’ಯ ಮೇಲೆ. ಬೈಬಲ್ ಕಥೆಗಳನ್ನು ಅವರು ನಮ್ಮ ಛಂದಸ್ಸಿಗೇ ತಂದರು. ಜೊತೆಯವರು ಜರ್ಮನ್ ರಾಗಗಳಿಗೆ ಕನ್ನಡ ಪದ ಜೋಡಿಸುತ್ತಿದ್ದಾಗ ಈತ ತಿರುಗುಮುರುಗು ಹಾದಿ ಹಿಡಿದರು. ಅಲ್ಲಿಗೂ ನಿಲ್ಲಲಿಲ್ಲ, 1872ರಲ್ಲಿ ‘ಯಜ್ಞಸುಧಾನಿಧಿ’ ಬರೆದು ವೇದದ ಯಜ್ಞಗಳನ್ನೇ ಕೆದಕಿದರು. ಅದೇ ವರ್ಷ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರ ಅಚ್ಚಿಗೆ ತಂದರು. ಮತ ಹಬ್ಬಿಸಲು ಬಂದವನಿಗೆ ಹಳಗನ್ನಡ ವ್ಯಾಕರಣ ಏಕೆ ಎಂದು ಮಿಷನ್ನಿನ ಕೆಲವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಕಿಟೆಲ್‌ಗೆ ಮಾತ್ರ ಬೈಬಲ್ಲಿಗೆ ಯೋಗ್ಯವಾದ ಪ್ರಾಚೀನ ಭಾಷೆ ಜೆರುಸಲೇಮಿನಲ್ಲಷ್ಟೇ ಅಲ್ಲ, ಈ ಎರಿಹೊಲಗಳ ನಾಡಲ್ಲೂ ಇತ್ತು.

ಅವರ ಲೆಕ್ಕ ಸರಿ ಎನ್ನುವವನು ನಾನು. ಪಂಪನ ನೆನಪಿನ ಅಣ್ಣಿಗೇರಿ, ಕುಮಾರವ್ಯಾಸನ ಕೋಳಿವಾಡ ಇರುವ ನೆಲದಲ್ಲಿ ದೇವರ ಕಥೆಯನ್ನು ರಾಗವಾಗಿ ಓದುವುದು ಯಾರಿಗೂ ಹೊಸತಲ್ಲ. ಆದರೂ ‘ಕಥಾಮಾಲೆ’ ಸಭೆಯ ಬಾಯಿಗೆ ಹತ್ತಲಿಲ್ಲ. ಗದ್ಯದ ಸತ್ಯವೇದ, ಜರ್ಮನ್ ರಾಗದ ಸಂಗೀತಗಳು ಹತ್ತಿದವು. ಅಜ್ಜಿಯ ಹಟ ನೋಡಿದ ಮೇಲೆ ಕಾರಣ ಹೊಳೆಯಿತು. ಎಷ್ಟು ಹಳೆಯದು ಎಂಬುದಕ್ಕಿಂತ ಯಾರ ಬಾಯಿಂದ ಮೊದಲು ಕೇಳಿದ್ದು ಎಂಬುದರಿಂದ ಭಾಷೆಗೆ ಪಾವಿತ್ರ್ಯ ಬರುತ್ತದೆ. ಹೊಸ ಅನುವಾದದವರು ಇದನ್ನು ನೆನಪಿಟ್ಟರೆ ಒಳ್ಳೆಯದು. ನನಗಂತೂ ಒಂದೇ ಆಸೆ: ಈ ಭಾಗದ ಗಮಕಿಯೊಬ್ಬರು ಯಾವುದಾದರೂ ಕ್ರಿಸ್ಮಸ್‌ಗೆ ‘ಕಥಾಮಾಲೆ’ ವಾಚಿಸಲಿ. ಅಜ್ಜಿ ಒಪ್ಪುತ್ತಾರೋ ಇಲ್ಲವೋ, ಕಿಟೆಲ್ ಸೋತರೋ ಗೆದ್ದರೋ ಅವತ್ತು ತೀರ್ಮಾನವಾಗುತ್ತದೆ.