ಏಳನೆಯ ಮೈಲಿ

ಮರುಭೂಮಿಯೆಂದೊಡನೆ ಮರಳನ್ನೂ ಒಂಟೆಯನ್ನೂ ಕಣ್ಣಮುಂದೆ ತಂದುಕೊಳ್ಳುವುದು ನಮ್ಮ ವಾಡಿಕೆ. ಅಮೆರಿಕದ ಅರಿಜೋನ ಸಂಸ್ಥಾನದ ಟೂಸಾನ್ ನಗರಕ್ಕೆ ಡಿಸೆಂಬರ್ ರಜೆಯಲ್ಲಿ ಬಂದಿಳಿದಾಗ ನನಗೆ ಎರಡೂ ಕಾಣಿಸಲಿಲ್ಲ. ಕಂಡದ್ದು ಕೈಯೆತ್ತಿ ನಿಂತ ಸಗ್ವಾರೊ ಕಳ್ಳಿಗಳು. ಅವುಗಳ ಹಿಂದೆ ಊರಿನ ಅಂಚಿನಲ್ಲೇ ಗೋಡೆಯಂತೆ ಎದ್ದ ಕ್ಯಾಟಲಿನಾ ಪರ್ವತಶ್ರೇಣಿ. ಈ ಕಳ್ಳಿಗೆ ಮೊದಲ ತೋಳು ಮೂಡಲು 50ರಿಂದ 70 ವರ್ಷ ಹಿಡಿಯುವುದುಂಟು. ನಮ್ಮ ವಯಸ್ಸಿನವರಿಗೆ ಸಮಾಧಾನ ನೀಡುವ ಗಿಡ!

ನನ್ನ ಆತಿಥೇಯ ಕಾಲೇಜಿನ ದಿನಗಳ ಗೆಳೆಯ. ಬಾಡಿಗೆ ಸೈಕಲ್ಲುಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಹೊರಟು ಅರ್ಧದಾರಿಯಲ್ಲಿ ಇಳಿದು ತಳ್ಳಿದವರು ನಾವು. ಹಿಂದಿನ ವರ್ಷ ಅವನ ಎದೆಗೆ ಶಸ್ತ್ರಚಿಕಿತ್ಸೆಯಾಗಿತ್ತು. ಸೈಕಲ್ಲಿಗೆ ಅಡ್ಡಿಯಿಲ್ಲ, ಅತಿಶ್ರಮ ಬೇಡ ಎಂದು ವೈದ್ಯರ ಅಪ್ಪಣೆ. ಆದರೂ ಮೇಜಿನ ಮೇಲೆ ನಕ್ಷೆ ಹರಡಿದೊಡನೆ ಅವನು ಬೆರಳಿಟ್ಟದ್ದು ನೇರವಾಗಿ ಲೆಮನ್ ಶಿಖರದ ಮೇಲೆ. (ನಿಂಬೆಗೂ ಇದಕ್ಕೂ ಸಂಬಂಧವಿಲ್ಲ, 1881ರಲ್ಲಿ ಇದನ್ನೇರಿದ ಸಸ್ಯಶಾಸ್ತ್ರಜ್ಞೆ ಸಾರಾ ಲೆಮನ್ ಅವರ ಹೆಸರು.) ಊರಿರುವುದು 2,400 ಅಡಿಗಳಲ್ಲಿ, ಶಿಖರ 9,157 ಅಡಿ!

ಚಳಿಗಾಲದಲ್ಲಿ ಇಲ್ಲಿಯ ಹಗಲು ಹತ್ತೇ ಗಂಟೆಯದು. ನಡುಹಗಲಿನಲ್ಲಿ ಅಂಗಿಯೊಂದೇ ಸಾಕೆನಿಸುವ ಹಿತ. ಮುಂಜಾನೆ ಬೆರಳು ಮರಗಟ್ಟಿಸುವ ಥಂಡಿ. ಸಾವಿರ ಅಡಿ ಏರಿದಂತೆಲ್ಲ ಉಷ್ಣತೆ 3-4 ಡಿಗ್ರಿ ಫ್ಯಾರನ್‌ಹೀಟ್ ಇಳಿಯುವುದರಿಂದ, ಕೆಳಗೆ ಜನ ಬಿಸಿಲು ಕಾಯಿಸುತ್ತಿರುವಾಗ ಮೇಲೆ ಹಿಮ ಬಿದ್ದಿರುತ್ತದೆ. ಏರುವಾಗ ಬೆವರಿದ ಮೈ ಇಳಿಯುವಾಗ ಗಾಳಿಗೆ ನಡುಗುತ್ತದೆ. ಆದುದರಿಂದ ನಾವು ಮೊದಲು ಗೊತ್ತುಮಾಡಬೇಕಾದದ್ದು ಎಲ್ಲಿಂದ ಹಿಂದಿರುಗುವುದೆಂಬುದನ್ನು.

ಮೊದಲೆರಡು ದಿನಗಳ ಮಾತು ಬೇಗ ಮುಗಿಯಿತು. ಒಂದು ದಿನ ಒಣನದಿಗಳ ದಂಡೆಗುಂಟ ಸಾಗುವ ಲೂಪ್ ಎಂಬ ಸೈಕಲ್ ದಾರಿ. ಮತ್ತೊಂದು ದಿನ ಸಗ್ವಾರೊ ರಾಷ್ಟ್ರೀಯ ಉದ್ಯಾನದ 8 ಮೈಲಿಯ ಸುತ್ತು. ಮುಳ್ಳಿನ ನಾಡಾದ್ದರಿಂದ ಎರಡೆರಡು ಟ್ಯೂಬು. ಮೂರನೆಯ ದಿನದ ಪರ್ವತವೇ ಕಗ್ಗಂಟಾಯಿತು. "ನಿನ್ನಿಂದಾಗದು" ಎನ್ನಲು ನನಗೆ ಬಾಯಿಲ್ಲ. "ನನ್ನಿಂದಾಗದು" ಎನ್ನುವ ಜಾಯಮಾನ ಅವನದಲ್ಲ.

ಆಗ, ಬೆಟ್ಟದ ರಸ್ತೆಯ ಏಳನೆಯ ಮೈಲಿಯ ಬಳಿ ಗಾರ್ಡನ್ ಹಿರಬಯಾಶಿ ಎಂಬ ಹೆಸರು ಕಣ್ಣಿಗೆ ಬಿತ್ತು. ಯಾರೆಂದು ಕೇಳಿದೆ. ಗೆಳೆಯ ಕನ್ನಡಕ ತೆಗೆದಿಟ್ಟು ಹೇಳತೊಡಗಿದ. 1942ರಲ್ಲಿ ಜಪಾನಿ ಮೂಲದವರನ್ನು ಪಶ್ಚಿಮ ಕರಾವಳಿಯಿಂದ ಶಿಬಿರಗಳಿಗೆ ಸಾಗಿಸಿದಾಗ, ಅಮೆರಿಕದಲ್ಲೇ ಹುಟ್ಟಿದ ಈ ವಿದ್ಯಾರ್ಥಿ ಆಜ್ಞೆಯನ್ನು ಪಾಲಿಸಲೊಲ್ಲೆನೆಂದ. ಶಿಕ್ಷೆಯಾಯಿತು, 1943ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಈ ಬೆಟ್ಟದ ರಸ್ತೆಯನ್ನು ಕಡಿಯುತ್ತಿದ್ದವರೆಲ್ಲ ಕೈದಿಗಳು. ಅವರ ಶಿಬಿರಕ್ಕೆ ಇವನನ್ನು ಕಳಿಸಲು ಸರ್ಕಾರ ಪ್ರಯಾಣದ ವೆಚ್ಚ ಕೊಡಲಿಲ್ಲ. ದಾರಿಯಲ್ಲಿ ಸಿಕ್ಕ ವಾಹನಗಳಿಗೆ ಕೈಯೊಡ್ಡಿ ಹತ್ತಿ ತಾನೇ ಬಂದ. ಬಂದರೆ, ಇವನ ಕಾಗದಪತ್ರಗಳೇ ಇಲ್ಲ! ಹುಡುಕುವವರೆಗೆ ಸಿನಿಮಾ ನೋಡಿಕೊಂಡು ಬಾ ಎಂದರಂತೆ. ನೋಡಿಕೊಂಡು ಬಂದು ಸೆರೆಗೆ ಹೋದ. ಅವನ ಮೇಲಿನ ತೀರ್ಪುಗಳು ಪೂರ್ತಿ ರದ್ದಾದದ್ದು 1987ರಲ್ಲಿ.

ತುಸು ಹೊತ್ತು ಇಬ್ಬರೂ ಸುಮ್ಮನಿದ್ದೆವು.

"ಅಲ್ಲಿ ಕುಳಿತು ಬುತ್ತಿ ಬಿಚ್ಚೋಣ" ಎಂದೆ.

"ಅಲ್ಲಿಂದ ಮುಂದಕ್ಕೆ?"

"ಅಲ್ಲಿಂದ ಹಿಂದಕ್ಕೆ."

ಗೆಳೆಯ ಬೆರಳನ್ನು ಶಿಖರದಿಂದ ಮೆಲ್ಲನೆ ಇಳಿಸಿ ಏಳನೆಯ ಮೈಲಿಯಲ್ಲಿ ನಿಲ್ಲಿಸಿದ. ಬಿಸಿಲೇರಿದ ಮೇಲೆ ಒಂಬತ್ತಕ್ಕೆ ಹೊರಡುವುದು, ಎರಡಕ್ಕೆ ಮುಂಚೆ ಇಳಿಯತೊಡಗುವುದು, ತಲಾ ಮೂರು ಸೀಸೆ ನೀರು, ಉಣ್ಣೆಯ ಕೈಗವಸು, ಇಳಿತಕ್ಕೊಂದು ದಪ್ಪ ಅಂಗಿ ಎಂದು ಕ್ರಮವಾಗಿ ಬರೆದುಕೊಂಡ. ಆಮೇಲೆ ಏನೋ ನೆನಪಾದವನಂತೆ "ಶಿಖರ: ಬರುವ ವರ್ಷ" ಎಂದು ಅಡಿಯಲ್ಲಿ ಸೇರಿಸಿ ಕಾಗದವನ್ನು ನನ್ನತ್ತ ಸರಿಸಿದ. ನಾನು ಅದರ ಕೆಳಗೆ ರುಜು ಹಾಕಿದೆ.