ಕೊಟ್ಟಷ್ಟೂ ಉಳಿಯುವ ಸಿರಿ: ಹಿತ್ತಲಿನ ಜವಾರಿ ಬೀಜ

ಚಳಿಗಾಲದಲ್ಲಿ ಗಡಹಿಂಗ್ಲಜದ ಪೇಟೆಗೆ ಸಂಕೇಶ್ವರಿ ಮೆಣಸಿನಕಾಯಿಯ ಚೀಲಗಳು ಬರತೊಡಗುತ್ತವೆ. ಈ ಕಾಯಿಗೆ ಹೆಸರು ಕೊಟ್ಟ ಸಂಕೇಶ್ವರ ಇರುವುದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿ. ಅದು ಬೆಳೆಯುವ ಹೊಲಗಳು ಮಾತ್ರ ಗಡಿಯ ಎರಡೂ ಬದಿಗೆ ಹರಡಿವೆ. ಕೊಳ್ಳುವವರು ಮರಾಠಿಯಲ್ಲಿ ಕೇಳಲಿ, ಕನ್ನಡದಲ್ಲಿ ಕೇಳಲಿ, ಒಂದು ಮಾತು ಎರಡೂ ಭಾಷೆಗಳಲ್ಲಿ ಒಂದೇ ಆಗಿರುತ್ತದೆ: ‘ಜವಾರಿ’. ಕೊಲ್ಲಾಪುರದ ಕಾಂದಾ-ಲಸೂಣ ಚಟ್ನಿಗೆ ಬ್ಯಾಡಗಿ ಬಣ್ಣ ಕೊಟ್ಟರೆ, ಜವಾರಿ ಸಂಕೇಶ್ವರಿ ಖಾರ ಕೊಡುತ್ತದೆ ಎಂಬುದು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಆದರೆ ಈ ಜವಾರಿ ಎಂಬುದು ಏನು? ಮೆಣಸಿನಕಾಯಿ ನಮ್ಮ ನೆಲದಲ್ಲಿ ಹುಟ್ಟಿದ ಗಿಡವಲ್ಲ. ಅಮೆರಿಕ ಖಂಡದ ಈ ಗಿಡವನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಅದಕ್ಕೆ ನಮ್ಮಲ್ಲಿ ಹೆಸರಿರಲಿಲ್ಲ; ಖಾರಕ್ಕೆ ಮೊದಲಿನಿಂದಲೂ ಇದ್ದ ಮೆಣಸಿನ ಹೆಸರನ್ನೇ ಕನ್ನಡಿಗರು ಅದಕ್ಕೆ ಕೊಟ್ಟು ‘ಮೆಣಸಿನಕಾಯಿ’ ಎಂದರು. ಟೊಮೇಟೊ, ಪಪ್ಪಾಯಿ, ಪೇರಲ, ಸೀತಾಫಲ, ಶೇಂಗಾ ಇವೂ ಹಾಗೆಯೇ ಬಂದ ಅತಿಥಿಗಳು. ಎಂದಮೇಲೆ ಜವಾರಿ ಎನ್ನುವುದು ಹುಟ್ಟೂರಿನ ಮಾತಲ್ಲ. ಒಂದು ನೆಲದ ಮಳೆ, ಬಿಸಿಲು, ಚಳಿಗಳಿಗೆ ಒಗ್ಗಿಕೊಂಡು, ಒಂದು ತಲೆಮಾರು ಇನ್ನೊಂದಕ್ಕೆ ಆರಿಸಿ ಕೊಟ್ಟ ಬೀಜವೇ ಜವಾರಿ. ಊರು ಬಿಟ್ಟು ಬಂದು ಇಲ್ಲಿ ಬೇರೂರಿದ ಕುಟುಂಬಗಳಿಗೆ ಈ ಮಾತಿನ ಅರ್ಥ ಬೇಗ ಹೊಳೆಯುತ್ತದೆ.

ಉಷ್ಣವಲಯದ ಈ ಗಿಡಗಳಿಗೆಲ್ಲ ಒಂದು ಸಮಾನ ದೌರ್ಬಲ್ಯವಿದೆ. ಹಿಮ ಬಿದ್ದರೆ ಅವು ಉಳಿಯುವುದಿಲ್ಲ. ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳು ಒಡೆದು, ಬೆಳಗಾಗುವಷ್ಟರಲ್ಲಿ ಗಿಡ ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತದೆ. ಮಹಾರಾಷ್ಟ್ರದಲ್ಲಿಯೂ ಮಹಾಬಳೇಶ್ವರದ ವೆಣ್ಣಾ ಕೆರೆಯ ಸುತ್ತ ಕೆಲವು ಚಳಿಗಾಲಗಳಲ್ಲಿ ಹಿಮಕಣಗಳು ಕಾಣಿಸಿಕೊಳ್ಳುತ್ತವೆ. ನಾಸಿಕ ಜಿಲ್ಲೆಯ ನಿಫಾಡದ ದ್ರಾಕ್ಷಿ ಬೆಳೆಗಾರರು ಅಂತಹ ರಾತ್ರಿಗಳಿಗೆ ಹೆದರುತ್ತಾರೆ. ನಮ್ಮ ಭಾಗಕ್ಕೆ ಆ ಭಯವಿಲ್ಲ. ಡಿಸೆಂಬರ್‌-ಜನವರಿಯ ರಾತ್ರಿಗಳಲ್ಲಿ ಕೊಲ್ಲಾಪುರದ ಕನಿಷ್ಠ ತಾಪಮಾನ ಸರಾಸರಿ 14-15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಹಾಗೆಂದು ಚಳಿ ಏನೂ ಮಾಡದೆಂದು ತಿಳಿಯಬಾರದು. ಹಿಮವಿಲ್ಲದೆಯೂ, ತಾಪಮಾನ 10-12 ಡಿಗ್ರಿಗೆ ಇಳಿದರೆ ಬಾಳೆ, ಪಪ್ಪಾಯಿ, ಬಸಳೆ, ಬದನೆ, ಮೆಣಸಿನ ಗಿಡಗಳ ಬೆಳವಣಿಗೆ ಕುಂಠಿತವಾಗುತ್ತದೆ; ಹೂ ಉದುರುತ್ತದೆ, ಹೊಸ ಎಲೆ ಮುದುಡುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಂಪಾದ ಗಾಳಿ ಭಾರವಾಗಿ ತಗ್ಗಿಗೆ ಇಳಿಯುತ್ತದೆ. ಆದ್ದರಿಂದ ಹಿರಣ್ಯಕೇಶಿ, ಪಂಚಗಂಗೆಯರ ದಂಡೆಯ ತಗ್ಗು ಹಿತ್ತಲುಗಳಿಗೆ ದಿಬ್ಬದ ಮನೆಗಳಿಗಿಂತ ಹೆಚ್ಚು ಚಳಿ ತಟ್ಟುತ್ತದೆ.

ರಕ್ಷಣೆಯ ಉಪಾಯಗಳು ಸರಳವಾಗಿವೆ. ಕುಂಡಗಳನ್ನು ಪಡುವಣ ಬಿಸಿಲು ಬೀಳುವ ಗೋಡೆಗೆ ಒತ್ತಿ ಇಡಬೇಕು. ಹಗಲು ಕಾದ ಗೋಡೆ ರಾತ್ರಿ ಆ ಬಿಸಿಯನ್ನು ಮರಳಿ ಕೊಡುತ್ತದೆ. ಗಿಡದ ಬುಡಕ್ಕೆ ಕಬ್ಬಿನ ರವದಿ ಹೊದಿಸಿದರೆ ಬೇರು ಬೆಚ್ಚಗಿರುತ್ತದೆ, ತೇವವೂ ಆರುವುದಿಲ್ಲ. ನೀರನ್ನು ಸಂಜೆ ಎಲೆಯ ಮೇಲೆ ಚಿಮುಕಿಸದೆ ಬೆಳಗ್ಗೆ ಬುಡಕ್ಕೆ ಹಾಕಬೇಕು. ಎಳೆಯ ಸಸಿಗಳಿಗೆ ರಾತ್ರಿ ಹಳೆಯ ಸೀರೆಯ ಚಪ್ಪರ ಸಾಕು. ಅರಿಷಿಣದ ಎಲೆ ಈ ಕಾಲದಲ್ಲಿ ಹಳದಿಯಾಗಿ ಒಣಗಿದರೆ ಗಾಬರಿಯಾಗಬೇಕಿಲ್ಲ. ಅದು ರೋಗವಲ್ಲ, ಗಡ್ಡೆ ಬಲಿತು ಅಗೆಯುವ ಕಾಲ ಬಂದಿದೆಯೆಂಬ ಸೂಚನೆ.

ಗಿಡಕ್ಕೆ ಕಷ್ಟಕಾಲವಾದ ಈ ದಿನಗಳೇ ಬೀಜಕ್ಕೆ ಒಳ್ಳೆಯ ಕಾಲ. ಮಳೆ ನಿಂತು ಗಾಳಿ ಒಣಗಿರುತ್ತದೆ, ಬಿಸಿಲು ಹದವಾಗಿರುತ್ತದೆ. ಬೀಜ ತೆಗೆಯಲು ಮೊದಲು ತಿಳಿಯಬೇಕಾದುದು, ಯಾವ ಗಿಡದಿಂದ ತೆಗೆಯಬಹುದು ಎಂಬುದು. ಅಂಗಡಿಯ ಹೈಬ್ರಿಡ್ ಬೀಜ ಎರಡು ಬೇರೆ ತಳಿಗಳ ಸಂಕರ. ಅದರ ಹಣ್ಣಿನ ಬೀಜವನ್ನು ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿ, ಒಂದೊಂದು ಗಿಡವೂ ಒಂದೊಂದು ರೀತಿ ಆಗುತ್ತದೆ. ಜವಾರಿ ಬೀಜ ತಾಯಿಯನ್ನೇ ಹೋಲುತ್ತದೆ. ಆದರೆ ಅದಕ್ಕೂ ಕಾವಲು ಬೇಕು. ಟೊಮೇಟೊ, ಅವರೆ, ಚವಳಿಕಾಯಿಗಳ ಹೂಗಳು ಬಹುಪಾಲು ತಮ್ಮಲ್ಲಿಯೇ ಪರಾಗಸ್ಪರ್ಶ ಹೊಂದುತ್ತವೆ. ಹೀರೆ, ಕುಂಬಳ, ಸವತೆಗಳಿಗೆ ಜೇನುಹುಳು ಬೇಕು. ಮೆಣಸಿನಕಾಯಿ ಎರಡರ ನಡುವಿನದು: ಒಂದೇ ಹಿತ್ತಲಲ್ಲಿ ಸಂಕೇಶ್ವರಿಯನ್ನೂ ಬ್ಯಾಡಗಿಯನ್ನೂ ಬೆಳೆದರೆ ಜೇನು ಅವೆರಡನ್ನೂ ಬೆರೆಸಿಬಿಡಬಹುದು. ಬೀಜಕ್ಕೆಂದು ಆರಿಸಿದ ಟೊಂಗೆಗೆ ಮೊಗ್ಗಿರುವಾಗಲೇ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಒಂದು ದಾರದ ಗುರುತು ಇಡಬೇಕು. ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ತೆಳು ಹತ್ತಿ ಬಟ್ಟೆಯ ತುಂಡಿಗೆ ಎಂದೂ ಕೊರತೆಯಿಲ್ಲ.

ಬೀಜದ ಕಾಯಿಯನ್ನು ಪೂರ್ಣ ಬಲಿಯಲು ಬಿಡಬೇಕು. ಮೆಣಸಿನಕಾಯಿ ಕೆಂಪಾಗಬೇಕು, ಬದನೆ ಹಳದಿಗೆ ತಿರುಗಬೇಕು, ಹೀರೆ ಬಳ್ಳಿಯಲ್ಲಿಯೇ ಒಣಗಿ ಗಿಲಿಗಿಲಿ ಎನ್ನಬೇಕು. ಟೊಮೇಟೊ ಬೀಜವನ್ನು ಅದರ ರಸದಲ್ಲಿಯೇ ಎರಡು ದಿನ ಹುಳಿಯಲು ಬಿಟ್ಟು ತೊಳೆದರೆ ಸುತ್ತಲಿನ ಲೋಳೆ ಹೋಗುತ್ತದೆ. ಒಂದೇ ಗಿಡವನ್ನು ನೆಚ್ಚದೆ ನಾಲ್ಕೈದು ಆರೋಗ್ಯವಂತ ಗಿಡಗಳಿಂದ ಬೀಜ ಕೂಡಿಸಬೇಕು. ಚೊಚ್ಚಲ ಒಳ್ಳೆಯ ಕಾಯಿಯನ್ನು ಪಲ್ಯಕ್ಕೆ ಕೊಯ್ದು, ಕೊನೆಯ ಸೊರಗಿದ ಕಾಯಿಯನ್ನು ಬೀಜಕ್ಕೆ ಬಿಡುವ ಅಭ್ಯಾಸದಿಂದ ತಳಿ ವರ್ಷವರ್ಷಕ್ಕೆ ಕ್ಷೀಣಿಸುತ್ತದೆ.

ತೆಗೆದ ಬೀಜವನ್ನು ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವುದು ನಮ್ಮ ಹಿರಿಯರ ಪದ್ಧತಿ. ಅದರ ಹಿಂದೆ ಶಾಸ್ತ್ರವಿದೆ. ಬೀಜದ ತೇವಾಂಶ ಶೇ. 1ರಷ್ಟು ತಗ್ಗಿದರೆ, ಅಥವಾ ಇಟ್ಟ ಜಾಗದ ತಾಪ 5 ಡಿಗ್ರಿ ಇಳಿದರೆ, ಬೀಜದ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆಂದು ಬೀಜವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಬೂದಿ ತೇವವನ್ನು ಹೀರುತ್ತದೆ, ಹುಳವನ್ನು ದೂರವಿಡುತ್ತದೆ. ಆದರೆ ಎಲ್ಲ ಬೀಜಗಳಿಗೂ ಈ ನಿಯಮ ಹೊಂದುವುದಿಲ್ಲ. ಮಾವು, ಹಲಸು, ಮುರುಗಲಗಳ ಬೀಜಗಳು ಒಣಗಿದರೆ ಸಾಯುತ್ತವೆ. ಆಜರಾ, ಚಂದಗಡದ ಕಡೆಯಿಂದ ಮುರುಗಲದ ಬೀಜ ಸಿಕ್ಕಿದರೆ ತಡಮಾಡದೆ ಬಿತ್ತಬೇಕು. ಸಸಿಯನ್ನೇ ಹಂಚುವುದು ಇನ್ನೂ ಒಳ್ಳೆಯದು. ಬಸಳೆಗೆ ಗೇಣುದ್ದದ ಕಡ್ಡಿ ಸಾಕು.

ಕೊಡುವ ಮೊದಲು ಪರೀಕ್ಷೆ ಬೇಕು. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸಬೇಕು. ಏಳಕ್ಕಿಂತ ಕಡಿಮೆಯಾದರೆ ದಟ್ಟವಾಗಿ ಬಿತ್ತಲು ಹೇಳಿ ಕೊಡಬೇಕು. ನವರಾತ್ರಿಯ ಘಟಸ್ಥಾಪನೆಯಲ್ಲಿ ಮಣ್ಣಿಗೆ ಕಾಳು ಬಿತ್ತಿ ಮೊಳಕೆಯನ್ನು ನೋಡುವ ನಮ್ಮ ಮಕ್ಕಳಿಗೆ ಇದು ಹೊಸ ಪಾಠವೇನಲ್ಲ.

ಹೀಗೆ ಬೀಜ ಕಾಯುವವರು ಓದು ಬಲ್ಲವರೇ ಆಗಬೇಕೆಂದಿಲ್ಲ. ಅಹಿಲ್ಯಾನಗರ ಜಿಲ್ಲೆಯ ಅಕೋಲೆ ತಾಲೂಕಿನ ಕೋಂಭಾಳ್ಣೆ ಗ್ರಾಮದ ರಾಹಿಬಾಯಿ ಪೋಪೆರೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಮ್ಮ ಮನೆಯಲ್ಲಿ ಕೂಡಿಸಿದ ನಾಟಿ ಬೀಜಗಳಿಂದ ಬೀಜಬ್ಯಾಂಕು ಕಟ್ಟಿದ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಇನ್ನೊಂದು ಗಡಿನಾಡಾದ ಕಾಸರಗೋಡಿನ ಸತ್ಯನಾರಾಯಣ ಬೆಳೇರಿ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2024ರಲ್ಲಿ ಅದೇ ಗೌರವ ಪಡೆದರು. ದಿಲ್ಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜಗಳು ಮೈನಸ್ 18 ಡಿಗ್ರಿಯಲ್ಲಿ ಭದ್ರವಾಗಿವೆ, ನಿಜ. ಆದರೆ ಶೀತಕೋಣೆಯ ಬೀಜ ನಿದ್ರೆಯಲ್ಲಿರುತ್ತದೆ. ವರ್ಷಕ್ಕೊಮ್ಮೆ ಮಣ್ಣು ಕಾಣುವ ಬೀಜ ಮಾತ್ರ ಬದಲಾಗುತ್ತಿರುವ ಮಳೆ-ಬಿಸಿಲುಗಳಿಗೆ ಒಗ್ಗಿಕೊಳ್ಳುತ್ತ ಹೋಗುತ್ತದೆ.

ಬೀಜ ಹಂಚುವುದಕ್ಕೆ ಕಾನೂನಿನ ಬೆಂಬಲವೂ ಇದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮು ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಚ್ಚಿ ಮಾರುವಂತಿಲ್ಲ, ಅಷ್ಟೇ. ಪರದೇಶದಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ಬೀಜ ಕಳುಹಿಸುವ ಮಾತು ಬೇರೆ. ಅದಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಆ ದೇಶದ ಅನುಮತಿಯೂ ಬೇಕಾಗುತ್ತವೆ.

ಈ ಹಂಚಿಕೆಗೆ ನಮ್ಮ ಕನ್ನಡ ಶಾಲೆಗಿಂತ ತಕ್ಕ ಜಾಗ ಯಾವುದು? ಒಂದು ಕಪಾಟಿನ ಮೂಲೆ, ಹಳೆಯ ನೋಟ್‌ಬುಕ್ಕಿನ ಹಾಳೆಯ ಪೊಟ್ಟಣಗಳು ಸಾಕು. ಪ್ರತಿ ಪೊಟ್ಟಣದ ಮೇಲೆ ಗಿಡದ ಹೆಸರು, ಬೀಜ ಬಂದ ಊರು, ತೆಗೆದ ವರ್ಷ, ಬಿತ್ತುವ ಮಳೆ, ಕೊಟ್ಟವರ ಹೆಸರು ಬರೆಯಬೇಕು. ಗಿಡದ ಹೆಸರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರಲಿ. ಏಕೆಂದರೆ ನಮ್ಮ ಚವಳಿಕಾಯಿ ಮರಾಠಿಯ ‘ಗವಾರ’. ಮರಾಠಿಯ ‘ಚವಳಿ’ ನಮ್ಮ ಅಲಸಂದೆ. ಹೆಸರು ತಪ್ಪಿದರೆ ಬೀಜ ತಪ್ಪುತ್ತದೆ. ಒಂದು ಹಿಡಿ ಒಯ್ದವರು ಸುಗ್ಗಿಯಲ್ಲಿ ಎರಡು ಹಿಡಿ ಮರಳಿಸಲಿ ಎಂಬ ಒಂದೇ ನಿಯಮವಿರಲಿ.

ಹಿತ್ತಲ ಗಿಡ ಮದ್ದಲ್ಲ ಎಂಬ ಉಪೇಕ್ಷೆಯಲ್ಲಿ ಈಗಾಗಲೇ ಎಷ್ಟೋ ಬೀಜಗಳು ಹೋಗಿವೆ. ಅಜ್ಜಿ ತೀರಿಕೊಂಡ ವರ್ಷ ಅವಳ ಬೂದಿ ಗಡಿಗೆಯ ಅವರೆಬೀಜವನ್ನು ಯಾರೂ ಬಿತ್ತದಿದ್ದರೆ, ಮೂರು ನಾಲ್ಕು ವರ್ಷಗಳಲ್ಲಿ ಅದು ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅದರೊಡನೆ ಆ ಅವರೆಗೆ ಮನೆಯವರಿಟ್ಟ ಕನ್ನಡದ ಹೆಸರೂ ಹೋಗುತ್ತದೆ. ಕೂಡಿಟ್ಟ ಬೀಜ ಒಂದು ಮನೆಯ ಹುಳಕ್ಕೆ, ಒಂದು ಮನೆಯ ಮರೆವಿಗೆ ಬಲಿಯಾಗಬಹುದು. ಹತ್ತು ಮನೆಗೆ ಕೊಟ್ಟ ಬೀಜ ಒಂದಲ್ಲ ಒಂದು ಅಂಗಳದಲ್ಲಿ ಉಳಿದೇ ಉಳಿಯುತ್ತದೆ. ಮೃಗಶಿರ ಮಳೆಗೆ ಇನ್ನೂ ತಿಂಗಳುಗಳಿವೆ. ಈ ವಾರವೇ ಮಕ್ಕಳನ್ನು ಕರೆದುಕೊಂಡು, ಮನೆಯ ಹಿರಿಯರೊಡನೆ ಕುಳಿತು, ಅಟ್ಟದ ಗಡಿಗೆಯನ್ನೂ ಅಡುಗೆಮನೆಯ ಡಬ್ಬಿಗಳನ್ನೂ ಒಮ್ಮೆ ತೆರೆದು ನೋಡಿರಿ.