ಚೀಲದ ಬಾಯಿಯ ಕಾಳು

ಭಾಲ್ಕಿಯಲ್ಲಿ ತೊಗರಿ ಕೊಳ್ಳುವ ಅಡತಿ ವ್ಯಾಪಾರಿಯು ಚೀಲದ ಬಾಯಿಯ ಕಾಳನ್ನಷ್ಟೇ ಕಂಡು ದರ ಹೇಳುವವನಲ್ಲ. ತಳದ ಕಾಳನ್ನೂ ಹೊರತೆಗೆದು ನೋಡುತ್ತಾನೆ. ಮಧುಮೇಹದ ಔಷಧಗಳನ್ನು ಪರೀಕ್ಷಿಸುವ ಪಂಡಿತರಿಗೆ ಆ ಎಚ್ಚರವಿದೆಯೇ?

ಬ್ರಿಟನ್ನಿನಲ್ಲಿ 1977ರಲ್ಲಿ ಮೊದಲಾದ ಪ್ರಸಿದ್ಧ ಪ್ರಯೋಗಕ್ಕೆ 5,102 ರೋಗಿಗಳನ್ನು ಆರಿಸಿಕೊಂಡರು. ಎಲ್ಲರೂ 25ರಿಂದ 65 ವರ್ಷದವರು, ರೋಗ ಹೊಸದಾಗಿ ಕಾಣಿಸಿಕೊಂಡವರು. ಮೂತ್ರಪಿಂಡ ಕೆಟ್ಟವರಿಗೂ, ಇತ್ತೀಚೆಗೆ ಹೃದಯಾಘಾತವಾದವರಿಗೂ ಪ್ರವೇಶವಿರಲಿಲ್ಲ. ಇದು ಅನ್ಯಾಯವೆನ್ನಲಾಗದು, ನಾಲ್ಕು ರೋಗಗಳು ಬೆರೆತಲ್ಲಿ ಔಷಧದ ಗುಣ ತಿಳಿಯುವುದು ಕಷ್ಟ, ರೋಗಿಗೂ ಅಪಾಯ. ಆದರೆ ಫಲ ಹೊರಬಂದ ಮೇಲೆ ಗುಳಿಗೆಯು ಒಳಗಿದ್ದವರಿಗೂ ಹೊರಗುಳಿದವರಿಗೂ ಒಂದೇ ಸಮನಾಗಿ ಸಲ್ಲುತ್ತದೆ.

ಜನ ಬದಲಾದರೆ ಫಲವೂ ಬದಲಾದೀತೇ? ಮಧುಮೇಹದ ಹೊಸ್ತಿಲಲ್ಲಿ ನಿಂತವರನ್ನು ಕುರಿತ ಎರಡು ಪ್ರಯೋಗಗಳನ್ನು ನೋಡೋಣ. 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಆಹಾರ, ವ್ಯಾಯಾಮಗಳ ಶಿಸ್ತಿನಿಂದ ರೋಗ ಬರುವ ಸಂಭವವು ಶೇಕಡಾ 58ರಷ್ಟು ತಗ್ಗಿತು. 2006ರಲ್ಲಿ ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ ಕಂಡದ್ದು ಶೇಕಡಾ 28.5 ಮಾತ್ರ. ಅಲ್ಲಿಯವರು ಸ್ಥೂಲಕಾಯರು, ನಮ್ಮವರಾದರೋ ಅಷ್ಟು ಮೈ ತುಂಬದೆಯೇ ಈ ರೋಗಕ್ಕೆ ಸಿಕ್ಕುವವರು. ಮೆಟ್‌ಫಾರ್ಮಿನ್ ಗುಳಿಗೆಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ಅಮೆರಿಕದಲ್ಲಿ ದಿನಕ್ಕೆ 1,700 ಮಿಲಿಗ್ರಾಂ ಕೊಟ್ಟು ಶೇಕಡಾ 31ರ ಲಾಭ ಪಡೆದರೆ, ಚೆನ್ನೈಯಲ್ಲಿ 500 ಮಿಲಿಗ್ರಾಮಿಗೇ ಶೇಕಡಾ 26.4ರ ಲಾಭ ದೊರೆಯಿತು. ನಮ್ಮವರನ್ನೇ ಪರೀಕ್ಷಿಸದಿದ್ದರೆ ಇದು ತಿಳಿಯುತ್ತಿತ್ತೇ?

ಆದರೆ 'ನಮ್ಮವರು' ಯಾರು? ಚೆನ್ನೈಯ ಆ 531 ಮಂದಿಯಲ್ಲಿ ಹೆಂಗಸರು 110. ಹೆಚ್ಚಿನವರು ಪಟ್ಟಣದ ಮಧ್ಯಮವರ್ಗದ ನೌಕರರು. ಬೀದರ ನಗರದ ಗುಮಾಸ್ತನೊಬ್ಬನಿಗೆ ಆ ಲೆಕ್ಕ ಹೊಂದಬಹುದು. ಔರಾದ ತಾಲೂಕಿನ ಹಳ್ಳಿಯೊಂದರಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಮೊನ್ನೆಮೊನ್ನೆಯವರೆಗೆ ಹೊಲದ ಕೂಲಿ, ಊಟಕ್ಕೆ ಜೋಳದ ರೊಟ್ಟಿ, ಮನೆಮಾತು ಮರಾಠಿ, ಮೈಯಲ್ಲಿ ರಕ್ತ ಕಡಮೆ. ಕಬ್ಬಿಣದ ಕೊರತೆಯಿದ್ದಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆಯು ಇದ್ದುದಕ್ಕಿಂತ ಹೆಚ್ಚು ತೋರಿಸುವುದುಂಟು. ಆ ಅಂಕಿಯನ್ನೇ ನಂಬಿ ಔಷಧ ಏರಿಸಿದರೆ ಸಕ್ಕರೆ ಕುಸಿದು ಅಜ್ಜಿ ಅಂಗಳದಲ್ಲೇ ಬಿದ್ದಾಳು. ಇಂಥವರು ಪ್ರಯೋಗಗಳಿಗೆ ಸೇರುವುದು ಅಪರೂಪ. ಸೇರಿಸಿಕೊಂಡರೂ ಮೇಲಿಂದ ಮೇಲೆ ತಪಾಸಣೆಗೆಂದು ದೂರದ ಪಟ್ಟಣಕ್ಕೆ ಬರಬೇಕು. ಜೊತೆಗೆ ಬರುವ ಮಗನಿಗೆ ಅಂದಿನ ಕೂಲಿ ಹೋಯಿತು!

ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳ ನೋಂದಣಿಯು 2007ರಲ್ಲಿ ಆರಂಭವಾಗಿ 2009ರಲ್ಲಿ ಕಡ್ಡಾಯವಾಯಿತು. ಎಷ್ಟು ವಯಸ್ಸಿನವರನ್ನು ಸೇರಿಸಿಕೊಳ್ಳುವರು, ಯಾರನ್ನು ಕೈಬಿಡುವರು, ಯಾವ ಊರುಗಳಲ್ಲಿ ನಡೆಸುವರು ಎಂಬ ವಿವರವೆಲ್ಲ ಅಲ್ಲಿ ದಾಖಲಾಗಿರುತ್ತದೆ. ಯಾರು ಬೇಕಾದರೂ ನೋಡಬಹುದು. ಮನೆಯ ಹಿರಿಯರಿಗೆ ಹೊಸ ಗುಳಿಗೆ ಬರೆದುಕೊಟ್ಟಾಗ, 'ಈ ವಯಸ್ಸಿನವರಲ್ಲಿ, ಇಂಥ ಮೂತ್ರಪಿಂಡವಿದ್ದವರಲ್ಲಿ ಇದನ್ನು ಪರೀಕ್ಷಿಸಿದ್ದಾರೆಯೇ, ಡಾಕ್ಟರೇ?' ಎಂದು ವಿಚಾರಿಸಲು ಸಂಕೋಚವೇಕೆ?